ಥಾಮಸ್ ಮನ್ರೋ: ಕತ್ತಿಯಿಂದ ಕಂದಾಯದವರೆಗೆ

ರೈತವಾರಿ ಪದ್ಧತಿಯನ್ನು ಜಾರಿಗೆ ತಂದವರು ಸರ್ ಥಾಮಸ್ ಮನ್ರೋ ಎಂದು ನಾವೆಲ್ಲ ಒಂದು ಅಂಕಕ್ಕಾಗಿ ಬಾಯಿಪಾಠ ಮಾಡಿದವರೇ. ಅವರು ಮೊದಲು ಸೈನಿಕರಾಗಿದ್ದರು, ನಮ್ಮ ಬಳ್ಳಾರಿ ಸೀಮೆಗೂ ಕಲೆಕ್ಟರ್ ಆಗಿದ್ದರು ಎಂಬುದನ್ನು ನಾನು ಓದಿದ್ದು ಬಿ.ಇ. ಮುಗಿಸಿದ ಮೇಲೆ.

ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದರು. ತಂದೆ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆ ವ್ಯಾಪಾರ ಮುಳುಗಿತು. ಮಗ 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಪಡೆಯ ಕೆಡೆಟ್ ಆಗಿ ಮದ್ರಾಸಿಗೆ ಬಂದರು. ಹೈದರಾಲಿಯೊಡನೆ ನಡೆದ ಯುದ್ಧದಲ್ಲಿ, ಮುಂದೆ ಟಿಪ್ಪು ಸುಲ್ತಾನರ ವಿರುದ್ಧವೂ ಹೋರಾಡಿದರು. 1792ರಿಂದ ಬಾರಾಮಹಲಿನಲ್ಲಿ ಏಳು ವರ್ಷ ಕಂದಾಯದ ಕೆಲಸ ಕಲಿತರು.

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಇವೇ ದತ್ತ ಮಂಡಲಗಳು. ಅವುಗಳ ಪ್ರಧಾನ ಕಲೆಕ್ಟರ್ ಆದ ಮನ್ರೋ ಸೈನ್ಯದ ಬಲದಿಂದ ಪಾಳೆಯಗಾರರನ್ನು ಅಡಗಿಸಿದರು. ಊರೂರು ತಿರುಗಿ, ಡೇರೆಯಲ್ಲಿ ವಾಸವಿದ್ದು, ಹೊಲಗಳ ಅಳತೆ ಮಾಡಿಸಿದರು. ಕಂದಾಯವನ್ನು ನೇರವಾಗಿ ರೈತನ ಹೆಸರಿಗೇ ಗೊತ್ತುಪಡಿಸಿದರು.

ಆದರೆ ಮಳೆ ನಂಬಿದ ಈ ನೆಲಕ್ಕೆ ಆ ದರ ಭಾರವಾಗಿತ್ತು. ತಾವೇ ಕಟ್ಟಿದ ಲೆಕ್ಕವನ್ನು ಮನ್ರೋ ಸಮರ್ಥಿಸಿಕೊಳ್ಳುತ್ತ ಕೂರಲಿಲ್ಲ. 1807ರಲ್ಲಿ ಊರಿಗೆ ಮರಳುವ ಮುನ್ನ ಕಂದಾಯವನ್ನು ಶೇಕಡ 25ರಷ್ಟು ಇಳಿಸಬೇಕೆಂದು ಸರ್ಕಾರಕ್ಕೆ ಬರೆದರು. ಸರ್ಕಾರ ಒಪ್ಪಲಿಲ್ಲ, ಹಳ್ಳಿಗಳನ್ನು ಗುತ್ತಿಗೆಗೆ ಕೊಟ್ಟಿತು. ಮನ್ರೋ 1814ರಲ್ಲಿ ಮತ್ತೆ ಬಂದರು. 1818ರ ಮರಾಠಾ ಯುದ್ಧದಲ್ಲಿ ಸಣ್ಣ ಪಡೆಯೊಂದಿಗೆ ಬಾದಾಮಿ, ಬೆಳಗಾವಿ, ಸೊಲ್ಲಾಪುರಗಳನ್ನು ಗೆದ್ದರು. 1820ರಲ್ಲಿ ಮದ್ರಾಸಿನ ಗವರ್ನರ್ ಆದರು. ರೈತವಾರಿ ಮತ್ತೆ ಬಂದಿತು, ಅವರು ಕೇಳಿದ್ದ ಕಡಿತವೂ ಸಿಕ್ಕಿತು. ನಡುವಿನ ವರ್ಷಗಳ ಹೊರೆಯನ್ನು ಹೊತ್ತವರು ಮಾತ್ರ ರೈತರೇ.

1827ರಲ್ಲಿ ಅಧಿಕಾರ ಬಿಡುವ ಮೊದಲು ದತ್ತ ಮಂಡಲಗಳನ್ನು ಕೊನೆಯ ಸಲ ನೋಡಲು ಹೊರಟರು. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿದರು. ಚೆನ್ನೈಯಲ್ಲಿ ಕುದುರೆಯೇರಿದ ಅವರ ಪ್ರತಿಮೆ ಇಂದಿಗೂ ಇದೆ.

ಅವರು ದುಡಿದದ್ದು ಕಂಪನಿಗಾಗಿ; ಆ ಕಂದಾಯ ಸೇರಿದ್ದೂ ಕಂಪನಿಯ ಬೊಕ್ಕಸಕ್ಕೆ. ಅದನ್ನು ಮರೆತು ಹೊಗಳಬೇಕಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ದಿನವೂ ಅಂಕಿಅಂಶಗಳ ನಡುವೆ ಇರುವ ನನಗೆ ಅವರ ಕೋಟೆಗಳ ಗೆಲುವಿಗಿಂತ 1807ರ ಆ ಪತ್ರವೇ ದೊಡ್ಡದು. ಕಾಗದದ ಲೆಕ್ಕ ಹೊಲದ ಬದುಕಿಗೆ ಹೊಂದದಿದ್ದರೆ ತಿದ್ದಬೇಕಾದದ್ದು ಲೆಕ್ಕವನ್ನು. ನಮ್ಮ ಶಾಲೆಯಿಂದ ನಾಳೆ ಅಧಿಕಾರಿಗಳಾಗಿ ಹೋಗುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ.