ಎರೆಭೂತದ ಪರ ನಿಂತ ಸಲೀಂ ಅಲಿ ಹಕ್ಕಿ ಕಲಿತಿದ್ದು ಬಂದೂಕು ಹಿಡಿದೇ!

ರಾಣೇಬೆನ್ನೂರು ಅಭಯಾರಣ್ಯ ಅಂದ್ರೆ ಹೊರಗಿನವರಿಗೆ ಕೃಷ್ಣಮೃಗ ಮಾತ್ರ ನೆನಪಾಗುತ್ತದೆ. ನಮ್ಮ ಹಿರಿಯರಿಗೆ ಇನ್ನೊಂದು ಹೆಸರೂ ಗೊತ್ತು: ಎರೆಭೂತ. ಗಂಡು ಹಕ್ಕಿ 15 ಕೆ.ಜಿ. ತನಕ ತೂಗುತ್ತದೆ. ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕು ಅಂತ ವಾದಿಸಿದವರು ಸಲೀಂ ಅಲಿ.

ಅವರು ಹುಟ್ಟಿದ್ದು ಮುಂಬೈಯಲ್ಲಿ, 1896ರ ನವೆಂಬರ್ 12ರಂದು. ಚಿಕ್ಕಂದಿನಲ್ಲೇ ತಂದೆ-ತಾಯಿ ಇಬ್ಬರೂ ಇಲ್ಲವಾದರು. ಸಾಕಿದ್ದು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ, ಸ್ವತಃ ಶಿಕಾರಿ. ಮಾವ ಕೊಟ್ಟ ಏರ್‌ಗನ್‌ನಿಂದ ಹುಡುಗ ಒಂದು ಗುಬ್ಬಿ ಹೊಡೆದ. ಎತ್ತಿ ನೋಡಿದರೆ ಗಂಟಲಲ್ಲಿ ಹಳದಿ ಮಚ್ಚೆ! ಮಾವ ಅದನ್ನು ಮುಂಬೈ ನಿಸರ್ಗ ಇತಿಹಾಸ ಸಂಘಕ್ಕೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ ಕಪಾಟು ತೆಗೆದು ಸಾಲುಸಾಲು ಹಕ್ಕಿ ತೋರಿಸಿದರು. ಮುಂದಿನ ಬದುಕೆಲ್ಲ ಅದರಲ್ಲೇ ಹೋಯಿತು.

ಆಗ ದುರ್ಬೀನಿನಲ್ಲಿ ನೋಡಿ ಬರೆದುಕೊಂಡರೆ ಸಾಲುತ್ತಿರಲಿಲ್ಲ. ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಚೀಟಿ ಕಟ್ಟಿಟ್ಟರೇ ದಾಖಲೆ. ಅದಕ್ಕೆ ಬೇಕಾಗಿದ್ದು ಛರ್ರಾ ಬಂದೂಕು. ಹಾರುವ ಹಕ್ಕಿಗೆ ಹೊಡೆಯೋದು ರೈಫಲ್ ಗುರಿಯಂತಲ್ಲ ನೋಡ್ರಿ. ಒಂದು ಕಣ್ಣು ಮುಚ್ಚಿ ನಳಿಗೆಯ ತುದಿ ನೋಡುತ್ತ ನಿಂತರೆ ಹಕ್ಕಿ ಹೋಗೇಬಿಡ್ತದೆ. ಎರಡೂ ಕಣ್ಣು ಹಕ್ಕಿಯ ಮೇಲಿರಬೇಕು. ತಲೆ ಬಗ್ಗಿಸಿ ಬಂದೂಕಿನ ಹತ್ತಿರ ಹೋಗಬಾರದು; ಬಂದೂಕೇ ಕೆನ್ನೆಗೆ ಬಂದು, ಹಿಂಭಾಗ ಭುಜದ ಗುಳಿಗೆ ಕೂರಬೇಕು. ಹಕ್ಕಿಯ ಜೊತೆಗೇ ನಳಿಗೆ ತಿರುಗಿಸುತ್ತ, ಅದನ್ನು ದಾಟುವಾಗ ಕುದುರೆ ಎಳೆಯಬೇಕು. ಎಳೆದ ಮೇಲೂ ಕೈ ನಿಲ್ಲಬಾರದು, ನಿಂತರೆ ಗುಂಡು ಹಿಂದೆ ಬೀಳುತ್ತದೆ.

ಇದೆಲ್ಲ ಆಗಬೇಕಾದರೆ ಬಂದೂಕು ಮೈಗೆ ಹೊಂದಬೇಕು. ಕಟ್ಟಿಗೆಯ ಹಿಡಿ ಉದ್ದವಾದರೆ ಬಗಲಲ್ಲಿ ಅಂಗಿಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ದರ್ಜಿ ಅಳತೆ ತಗೊಂಡಂಗೆ, ಲಂಡನ್ನಿನ ಬಂದೂಕು ಅಂಗಡಿಯವರು ಗಿರಾಕಿಯ ತೋಳು, ಕತ್ತು ನೋಡಿ ಹಿಡಿ ಕೆತ್ತುತ್ತಿದ್ದರು. ಸಂಗ್ರಹಕಾರರಿಗೆ ಇನ್ನೊಂದು ಕಷ್ಟ: ಛರ್ರಾ ದಪ್ಪವಾದರೆ ಚರ್ಮ ಚಿಂದಿ. ಹಾಗಾಗಿ ಸಣ್ಣ ಹಕ್ಕಿಗೆ ಧೂಳಿನಂಥ ಛರ್ರಾವನ್ನೇ ಬಳಸುತ್ತಿದ್ದರು.

ಬರ್ಲಿನ್ನಿನಲ್ಲಿ ಸ್ಟ್ರೆಸೆಮನ್ ಅವರ ಬಳಿ ಕಲಿತು ಬಂದ ಸಲೀಂ ಅಲಿ ಹೈದರಾಬಾದ್, ತಿರುವಾಂಕೂರು ಸಂಸ್ಥಾನಗಳ ಹಕ್ಕಿ ಸಮೀಕ್ಷೆ ಮಾಡಿದರು. 1939-40ರಲ್ಲಿ ಮೈಸೂರು ಸಂಸ್ಥಾನದ ಸರದಿ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ತುಂಗಭದ್ರೆಯ ಆಚೆ ದಂಡೆಯ ಹರಿಹರ ಮೈಸೂರಿನದು, ಈಚೆಯ ನಾವು ಆ ಲೆಕ್ಕಕ್ಕಿಲ್ಲ.

ಅವರಿಗೆ 42 ತುಂಬಿದ ದಿನವೇ, 1938ರ ನವೆಂಬರ್ 12ರಂದು, ಭರತಪುರದ ಕೆರೆಯಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಮತ್ತು ಅತಿಥಿಗಳು 4,273 ನೀರುಹಕ್ಕಿ ಉರುಳಿಸಿದರು. ಅಲ್ಲಿನ ಕಲ್ಲಿನ ಮೇಲೆ ಆ ಲೆಕ್ಕ ಈಗಲೂ ಇದೆ. ಸ್ವಾತಂತ್ರ್ಯದ ನಂತರ ಅದೇ ಕೆರೆ ಉಳಿಸಲು ಓಡಾಡಿದವರಲ್ಲಿ ಸಲೀಂ ಅಲಿ ಮುಂದಿದ್ದರು. ತಾವೂ ಹೊಡೆದಿದ್ದನ್ನು ಅವರು ಎಂದೂ ಮುಚ್ಚಿಡಲಿಲ್ಲ. ಆತ್ಮಕಥೆಗೆ ಆ ಗುಬ್ಬಿಯದೇ ಹೆಸರಿಟ್ಟರು.

ಎರೆಭೂತಕ್ಕೆ ಮಾತ್ರ ಅವರ ಮಾತು ನಡೆಯಲಿಲ್ಲ. 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. ಎರೆಭೂತದ ಇಂಗ್ಲಿಷ್ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಬೈಗುಳ ಆಗ್ತದೆ ಅಂತ ಹಿಂಜರಿದರು ಎನ್ನುವ ಮಾತೂ ಇದೆ. ಅದು ಭಾರದ ಹಕ್ಕಿ, ತಗ್ಗಿನಲ್ಲಿ ನೇರವಾಗಿ ಹಾರುತ್ತದೆ. ಹೊಡೆಯಲು ಬಲು ಸುಲಭ, ಆದರೆ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಅಹಮದ್‌ನಗರ ಜಿಲ್ಲೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ ಬ್ರಿಟಿಷ್ ಬೇಟೆಗಾರ 1809ರಿಂದ 1829ರೊಳಗೆ 961 ಹೊಡೆದ ಲೆಕ್ಕವಿದೆ.

1972ರ ವನ್ಯಜೀವಿ ಕಾಯ್ದೆ ಬೇಟೆ ನಿಲ್ಲಿಸಿತು. 1974ರಲ್ಲಿ ರಾಣೇಬೆನ್ನೂರಿನ 119 ಚದರ ಕಿ.ಮೀ. ಅಭಯಾರಣ್ಯವಾಯಿತು. ಅಷ್ಟೊತ್ತಿಗೆ ಹುಲ್ಲುಗಾವಲಿನ ಬಹುಪಾಲಿಗೆ ನೀಲಗಿರಿ ನೆಟ್ಟಾಗಿತ್ತು, ಬಯಲು ಬೇಡುವ ಹಕ್ಕಿಗೆ ಜಾಗವೇ ಉಳಿಯಲಿಲ್ಲ. ಸಲೀಂ ಅಲಿ 1987ರ ಜೂನ್ 20ರಂದು ತೀರಿಕೊಂಡರು. ರಾಜ್ಯದಲ್ಲಿ ಈಗ ಎರೆಭೂತ ನೋಡಬೇಕೆಂದರೆ ಸಿರುಗುಪ್ಪದ ಎರೆ ಹೊಲಗಳಿಗೇ ಹೋಗಬೇಕು. ಅಲ್ಲೂ ಉಳಿದಿರೋದು ಬೆರಳೆಣಿಕೆಯಷ್ಟು.