ತನ್ನ ಹೆಸರನ್ನು ತಾನೇ ಹೇಳಿದ ಗಾಯಕಿ: ಗೌಹರ್ ಜಾನ್

ಆಗಸ್ಟ್ 29 ಮೈಕೇಲ್ ಜಾಕ್ಸನ್ ಹುಟ್ಟಿದ ದಿನ. ಜನವರಿ 6 ಎ.ಆರ್. ರೆಹಮಾನ್ ಅವರದು. ಸೆಪ್ಟೆಂಬರ್ 5 ನಮಗೆಲ್ಲ ಶಿಕ್ಷಕರ ದಿನಾಚರಣೆ. ರಾಕ್ ಸಂಗೀತದ ಹುಚ್ಚಿರುವವರಿಗೆ ಅದು ಫ್ರೆಡ್ಡಿ ಮರ್ಕ್ಯುರಿಯ ಹುಟ್ಟುಹಬ್ಬವೂ ಹೌದು. ಇಂಥ ದಿನಾಂಕಗಳನ್ನು ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗಳು ನಮ್ಮ ಪ್ರತಿ ತರಗತಿಯಲ್ಲೂ ಇದ್ದಾರೆ. ಅವರ ಪಟ್ಟಿಗೆ ಇನ್ನೆರಡು ದಿನಾಂಕಗಳನ್ನು ಸೇರಿಸುವುದು ಈ ಲೇಖನದ ಉದ್ದೇಶ. ಒಂದು ಜೂನ್ 26, ಇನ್ನೊಂದು ಜನವರಿ 17. ಮೊದಲನೆಯದು ಗೌಹರ್ ಜಾನ್ ಅವರು ಹುಟ್ಟಿದ ದಿನ, ಎರಡನೆಯದು ಅವರು ನಮ್ಮ ಮೈಸೂರಿನಲ್ಲಿ ಕಣ್ಮುಚ್ಚಿದ ದಿನ.

ರಾಗ ಸಂಗೀತ ಹಾಡಿದವರನ್ನು ಪಾಪ್ ತಾರೆಗಳ ಸಾಲಿನಲ್ಲಿ ಏಕೆ ಕೂರಿಸಬೇಕು ಎಂದು ನೀವು ಕೇಳಬಹುದು. ಹಾಡು ಒಂದು ತಟ್ಟೆಯಲ್ಲಿ ಅಚ್ಚಾಗಿ, ಅಂಗಡಿಯಲ್ಲಿ ಮಾರಾಟವಾಗಿ, ಹಾಡಿದವರನ್ನು ಎಂದೂ ನೋಡಿರದ ಜನರ ಮನೆಯಲ್ಲಿ ಮೊಳಗುವುದು, ಆ ಹೆಸರು ಕೇಳಿದರೆ ಜನ ಮುಗಿಬೀಳುವುದು, ಇದೇ ತಾನೇ ಪಾಪ್ ಸಂಗೀತದ ಲೋಕ? ಭಾರತದಲ್ಲಿ ಆ ಲೋಕದ ಬಾಗಿಲು ತೆರೆದವರಲ್ಲಿ ಮೊದಲ ದೊಡ್ಡ ಹೆಸರು ಗೌಹರ್ ಜಾನ್ ಅವರದೇ.

ಅವರು ಹುಟ್ಟಿದ್ದು 1873ರ ಜೂನ್ 26ರಂದು, ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ತಂದೆ ತಾಯಿ ಇಟ್ಟ ಹೆಸರು ಐಲೀನ್ ಏಂಜಲೀನಾ ಯೋವರ್ಡ್. ತಂದೆ ಆರ್ಮೇನಿಯನ್ ಮೂಲದವರು, ಎಂಜಿನಿಯರ್ ಕೆಲಸದಲ್ಲಿದ್ದವರು. ತಾಯಿ ವಿಕ್ಟೋರಿಯಾ ಭಾರತದಲ್ಲೇ ಹುಟ್ಟಿ ಬೆಳೆದು, ಸಂಗೀತ ಮತ್ತು ನೃತ್ಯ ಬಲ್ಲವರಾಗಿದ್ದರು. ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ, 1879ರಲ್ಲಿ, ಆ ದಾಂಪತ್ಯ ಮುರಿದುಬಿತ್ತು. ತಾಯಿ ಮಗಳನ್ನು ಕರೆದುಕೊಂಡು ಬನಾರಸ್ ಸೇರಿದರು. ಅಲ್ಲಿ ಇಬ್ಬರೂ ಇಸ್ಲಾಂ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. ನಮ್ಮಲ್ಲಿ ಮನೆಮಾತು ಉರ್ದು ಆಗಿರುವವರಿಗೆ ಹೇಳಬೇಕಾಗಿಲ್ಲ, ಗೌಹರ್ ಎಂದರೆ ಮುತ್ತು, ರತ್ನ.

1883ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ಹೋದರು. ಅವಧ್ ರಾಜ್ಯವನ್ನು ಬ್ರಿಟಿಷರಿಗೆ ಕಳೆದುಕೊಂಡ ನವಾಬ ವಾಜಿದ್ ಅಲಿ ಶಾ ಆಗ ಕಲ್ಕತ್ತೆಯ ಮಟಿಯಾಬುರ್ಜ್‌ನಲ್ಲಿ ನೆಲೆಸಿದ್ದರು. ಅವರ ಸುತ್ತ ಲಖನೌದ ಗಾಯಕರು, ನರ್ತಕರು, ಕವಿಗಳು ನೆರೆದಿದ್ದರು. ಮಲ್ಕಾ ಜಾನ್ ಆ ಆಸ್ಥಾನದಲ್ಲಿ ಹೆಸರು ಮಾಡಿದರು. ಕೆಲವೇ ವರ್ಷಗಳಲ್ಲಿ ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆಯನ್ನೂ ಕೊಂಡರು.

ಬಾಲಕಿ ಗೌಹರ್ ಕಲಿತದ್ದು ಆ ನಗರದಲ್ಲಿ. ಹಿಂದೂಸ್ತಾನಿ ಗಾಯನಕ್ಕೆ ಒಬ್ಬರಿಗಿಂತ ಹೆಚ್ಚು ಉಸ್ತಾದರು, ಕಥಕ್ ನೃತ್ಯಕ್ಕೆ ಪ್ರಸಿದ್ಧ ಗುರು ಬಿಂದಾದೀನ್ ಮಹಾರಾಜ್, ಬಂಗಾಳಿ ಕೀರ್ತನೆಗೆ ಬೇರೆ ಗುರು. ಹಮ್‌ದಮ್ ಎಂಬ ಕಾವ್ಯನಾಮದಲ್ಲಿ ಗಜಲ್‌ಗಳನ್ನೂ ಬರೆಯತೊಡಗಿದರು. 1887ರಲ್ಲಿ, ಇನ್ನೂ ಹದಿನಾಲ್ಕರ ವಯಸ್ಸಿನಲ್ಲಿ, ದರ್ಭಂಗಾ ಸಂಸ್ಥಾನದಲ್ಲಿ ಮೊದಲ ದೊಡ್ಡ ಕಛೇರಿ ನೀಡಿದರು. ಅಂದರೆ ನಮ್ಮ ಪ್ರಥಮ ಪಿಯು ವಿದ್ಯಾರ್ಥಿನಿಯರಿಗಿಂತ ಎರಡು ವರ್ಷ ಚಿಕ್ಕವರು. ತಂದೆ ಬಿಟ್ಟುಹೋದ ಮನೆಯ ಹುಡುಗಿಗೆ ವಿದ್ಯೆಯೇ ಆಸ್ತಿಯಾಗಿತ್ತು.

ಈಗ 1902ಕ್ಕೆ ಬರೋಣ. ಲಂಡನ್ನಿನ ಗ್ರಾಮಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನನ್ನು ಭಾರತಕ್ಕೆ ಕಳುಹಿಸಿತು. ಯಂತ್ರ ತರಬೇಕು, ಈ ದೇಶದ ಹಾಡುಗಳನ್ನು ಮುದ್ರಿಸಬೇಕು, ಅದನ್ನು ಕೇಳುವ ಆಸೆಗೆ ಜನ ಗ್ರಾಮಫೋನ್ ಪೆಟ್ಟಿಗೆ ಕೊಳ್ಳಬೇಕು ಎಂಬುದು ವ್ಯಾಪಾರದ ಲೆಕ್ಕ. ಆದರೆ ಹಾಡುವವರು ಸಿಗಬೇಕಲ್ಲ! ಯಂತ್ರಕ್ಕೆ ಹಾಡಿದರೆ ಕಂಠವೇ ಹೋಗಿಬಿಡುತ್ತದೆ ಎಂದು ಹೆದರಿದವರಿದ್ದರು. ಗುರುಗಳಿಂದ ಬಂದ ವಿದ್ಯೆ ಚಹಾದಂಗಡಿಯಲ್ಲಿ ಮೊಳಗುವುದು ಅವಮಾನ ಎಂದು ಹಿಂದೆ ಸರಿದ ಉಸ್ತಾದರಿದ್ದರು. ಮುಂದೆ ಬಂದವರಲ್ಲಿ ಹೆಚ್ಚಿನವರು ಹೆಂಗಸರು: ರಂಗಭೂಮಿಯ ಹುಡುಗಿಯರು, ಮತ್ತು ರಾಜರ, ಜಮೀನ್ದಾರರ ಸಭೆಗಳಲ್ಲಿ ಹಾಡಿ ಕುಣಿದು ಬದುಕುತ್ತಿದ್ದ ಕಲಾವಿದೆಯರು. ಅಂದಿನ ಸಮಾಜ ಅವರ ಹಾಡು ಕೇಳುತ್ತಿತ್ತು, ಆದರೆ ಅವರಿಗೆ ಮರ್ಯಾದೆಯ ಜಾಗ ಕೊಡುತ್ತಿರಲಿಲ್ಲ.

ನವೆಂಬರ್ ಎರಡನೇ ವಾರದಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಧ್ವನಿಮುದ್ರಣ ನಡೆಯಿತು. ಧ್ವನಿಮುದ್ರಣಕ್ಕೆ ಆಗ ಮೈಕ್ ಬಳಸುತ್ತಿರಲಿಲ್ಲ. ಗೋಡೆಯ ಬಳಿ ಒಂದು ದೊಡ್ಡ ಕಹಳೆ. ಅದರ ಬಾಯಿಗೆ ಮುಖ ಒಡ್ಡಿ ಜೋರಾಗಿ ಹಾಡಬೇಕು. ಧ್ವನಿಯ ಕಂಪನಕ್ಕೆ ಮುಳ್ಳು ಅದುರಿ, ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ತಪ್ಪಿದರೆ ಅಳಿಸಲಾಗದು, ಹೊಸ ತಟ್ಟೆ ಹಾಕಿ ಮೊದಲಿನಿಂದ ಹಾಡಬೇಕು. ಎಲ್ಲಕ್ಕಿಂತ ಕಷ್ಟದ್ದು ಸಮಯ. ತಟ್ಟೆಯಲ್ಲಿ ಇದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಅರಳುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಆಲಾಪದ ಸೊಗಸೂ ತಾನಗಳ ವೇಗವೂ ಕೆಡದಂತೆ ಮುಗಿಸುವುದನ್ನು ಗೌಹರ್ ಜಾನ್ ಕರಗತ ಮಾಡಿಕೊಂಡರು. ಇಂದಿಗೂ ಪಾಪ್ ಹಾಡುಗಳು ಹೆಚ್ಚುಕಡಿಮೆ ಮೂರು ನಾಲ್ಕು ನಿಮಿಷಕ್ಕೇ ಮುಗಿಯುವುದಕ್ಕೆ ಆ ಹಳೆಯ ತಟ್ಟೆಯ ಅಳತೆಯೂ ಒಂದು ಕಾರಣ.

ಹಾಡು ಮುಗಿಯುತ್ತಿದ್ದಂತೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುತ್ತಿದ್ದರು. ಇದು ಜಂಬವಲ್ಲ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ರೆಕಾರ್ಡುಗಳಾಗಬೇಕಿತ್ತು. ನಮ್ಮ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ಗೊತ್ತಾಗಿ, ಸರಿಯಾದ ಚೀಟಿ ಅಂಟಿಸಲು ಈ ಘೋಷಣೆ ಬೇಕಾಗಿತ್ತು. ಆದರೆ ರೆಕಾರ್ಡು ತಿರುಗಿ ಬಂದಾಗ ಆ ಕೊನೆಯ ಮಾತೇ ಅವರ ಸಹಿಯಾಯಿತು. ಸಭೆಯಲ್ಲಿ ಹಾಡಿದವಳು ಯಾರೋ ಒಬ್ಬಳು ಎಂದು ಮರೆಯಬಹುದಾಗಿದ್ದ ಕಾಲದಲ್ಲಿ, ಒಬ್ಬ ಹೆಣ್ಣು ಮಗಳು ತನ್ನ ಹೆಸರನ್ನು ಸಾವಿರಾರು ಮನೆಗಳಲ್ಲಿ ತಾನೇ ಹೇಳಿದಳು.

1902ರಿಂದ 1920ರವರೆಗೆ ಅವರು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಮುದ್ರಿಸಿದರು. ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಫಾರಸಿ, ಅರಬ್ಬಿ, ಪಶ್ತೋ, ಫ್ರೆಂಚ್ ಕೂಡ ಅವುಗಳಲ್ಲಿ ಸೇರಿವೆ. ಅವರ ಚಿತ್ರ ಪೋಸ್ಟ್‌ಕಾರ್ಡುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಬಂತು. 1910ರಲ್ಲಿ ಮದರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಹಾಡಿದರು. 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ದೊರೆಯ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿ ಅವರೊಂದಿಗೆ ಹಾಡಿದರು. ಕಲ್ಕತ್ತೆಯಲ್ಲಿ ನಾಲ್ಕು ಕುದುರೆಯ ಸಾರೋಟಿನಲ್ಲಿ ಓಡಾಡಿ, ಅದಕ್ಕಾಗಿ ಸರ್ಕಾರ ಹಾಕಿದ ದಂಡವನ್ನು ನಗುತ್ತ ಕಟ್ಟುತ್ತಿದ್ದರು ಎಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಇನ್ನೊಂದು ಕಥೆ ಸ್ವರಾಜ್ಯ ನಿಧಿಯದು. ಗಾಂಧೀಜಿ ಬಂದು ಕೇಳುವುದಾದರೆ ಕಛೇರಿಯ ಹಣವನ್ನೆಲ್ಲ ನಿಧಿಗೆ ಕೊಡುವುದಾಗಿ ಅವರು ಒಪ್ಪಿದ್ದರಂತೆ. ಗಾಂಧೀಜಿ ಬರಲಾಗದೆ ಮೌಲಾನಾ ಶೌಕತ್ ಅಲಿ ಅವರನ್ನು ಕಳುಹಿಸಿದಾಗ, ಕೂಡಿದ 24,000 ರೂಪಾಯಿಯಲ್ಲಿ ಅರ್ಧವನ್ನಷ್ಟೇ ಕೊಟ್ಟರಂತೆ. ಮಾತು ಅರ್ಧ ನಡೆದರೆ ಹಣವೂ ಅರ್ಧ ಎಂಬುದು ಅವರ ಲೆಕ್ಕ.

ಇಷ್ಟು ಖ್ಯಾತಿ ಇದ್ದರೂ ಅವರ ಹೆಸರನ್ನೇ ಪ್ರಶ್ನಿಸುವ ದಿನ ಬಂತು. ತಾಯಿ 1906ರಲ್ಲಿ ತೀರಿಕೊಂಡ ಮೇಲೆ, ಮನೆಯಲ್ಲೇ ಬೆಳೆದವನೊಬ್ಬ ತಾನೇ ಮಲ್ಕಾ ಜಾನ್ ಅವರ ನಿಜವಾದ ವಾರಸುದಾರ ಎಂದು ನ್ಯಾಯಾಲಯದ ಮೆಟ್ಟಿಲೇರಿದ. ದೇಶವೇ ಬಲ್ಲ ಗಾಯಕಿ ತಾನು ಯಾರ ಮಗಳು ಎಂಬುದಕ್ಕೆ ಸಾಕ್ಷಿ ಒದಗಿಸಬೇಕಾಯಿತು. ಬಾಲ್ಯದಲ್ಲಿ ದೂರವಾದ ತಂದೆಯನ್ನು ಹುಡುಕಿಕೊಂಡು ಹೋಗಬೇಕಾಯಿತು. ಆ ವ್ಯಾಜ್ಯ ಗೆದ್ದರೂ ನೆಮ್ಮದಿ ಸಿಗಲಿಲ್ಲ. ತಮ್ಮ ಕಾರ್ಯದರ್ಶಿಯಾಗಿದ್ದ ಅಬ್ಬಾಸ್ ಎಂಬವರನ್ನು ನಂಬಿ ಮದುವೆಯಾದರು. ಆ ಸಂಬಂಧವೂ ಆಸ್ತಿಯ ಜಗಳವಾಗಿ ಮತ್ತೆ ನ್ಯಾಯಾಲಯಕ್ಕೆ ಹೋಯಿತು. ಹಾಡಿ ಗಳಿಸಿದ್ದರಲ್ಲಿ ಬಹುಪಾಲು ವಕೀಲರ ಶುಲ್ಕಕ್ಕೆ, ವ್ಯಾಜ್ಯದ ಖರ್ಚಿಗೆ ಕರಗಿತು. ಕಲ್ಕತ್ತೆ ಬಿಟ್ಟು ಡಾರ್ಜಿಲಿಂಗ್, ಮುಂಬಯಿ ಎಂದು ಊರೂರು ಅಲೆದರು.

ಆಗ ಕೈಹಿಡಿದದ್ದು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಸ್ಥಾನದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿಗೆ ಇದ್ದಷ್ಟೇ ಗೌರವ ಉತ್ತರದ ಉಸ್ತಾದರಿಗೂ ಇತ್ತು. ಅಬ್ದುಲ್ ಕರೀಂ ಖಾನ್ ಅವರು ಇಲ್ಲಿಗೆ ಬಂದು ಹಾಡುತ್ತಿದ್ದರು. ಫೈಯಾಜ್ ಖಾನ್ ಅವರಿಗೆ ಸಂಗೀತದ ಸೂರ್ಯ ಎಂಬ ಅರ್ಥದ ಆಫ್ತಾಬ್-ಎ-ಮೌಸಿಕಿ ಬಿರುದು ಸಿಕ್ಕಿದ್ದು ಮೈಸೂರಿನಿಂದಲೇ. ದಿವಾನರಾಗಿ ಸರ್ ಮಿರ್ಜಾ ಇಸ್ಮಾಯಿಲ್ ಇದ್ದ ಕಾಲ ಅದು. 1928ರ ಆಗಸ್ಟ್ 1ರಂದು ಗೌಹರ್ ಜಾನ್ ಅವರನ್ನು ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಅರಮನೆಯ ಗಾಯಕಿಯಾಗಿ ನೇಮಿಸಲಾಯಿತು. ಇರಲು ದಿಲ್‌ಖುಷ್ ಎಂಬ ಮನೆಯೂ ದೊರೆಯಿತು.

ಆದರೆ ದೇಹ ಸೋತಿತ್ತು. ಒಂದೂವರೆ ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ವಯಸ್ಸು 56. ಒಂದು ಕಾಲಕ್ಕೆ ಅವರ ಸುತ್ತ ನೆರೆಯುತ್ತಿದ್ದ ಜನಜಂಗುಳಿ ಆಗ ಇರಲಿಲ್ಲ.

ಮುಂದೆ ಅವರ ಹೆಸರು ಬಹುಮಟ್ಟಿಗೆ ಮರೆತುಹೋಯಿತು. ಬೆಂಗಳೂರಿನವರಾದ ವಿಕ್ರಮ್ ಸಂಪತ್ ಅವರಿಗೆ ಮೈಸೂರು ಅರಸರ ಇತಿಹಾಸ ಹುಡುಕುವಾಗ ಅರಮನೆಯ ಕಡತಗಳಲ್ಲಿ ಈ ಗಾಯಕಿಯ ವಿವರ ಎದುರಾಯಿತು. 2010ರಲ್ಲಿ ಅವರ ಬದುಕಿನ ಪುಸ್ತಕ ಹೊರಬಂತು. 2018ರ ಜೂನ್ 26ರಂದು, 145ನೇ ಹುಟ್ಟುಹಬ್ಬಕ್ಕೆ, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು.

ಕೆಂಗೇರಿ ನಿಲ್ದಾಣದಲ್ಲಿ ಮೈಸೂರು ರೈಲು ಹತ್ತಿದರೆ ಅವರು ಕೊನೆಯುಸಿರೆಳೆದ ಊರು ಕೆಲವೇ ಗಂಟೆಗಳ ದಾರಿ. ಅವರ ಧ್ವನಿ ಇನ್ನೂ ಹತ್ತಿರದಲ್ಲಿದೆ. ಆ ಹಳೆಯ ರೆಕಾರ್ಡುಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಬರುವ ಜೂನ್ 26ರಂದು ಒಂದನ್ನು ಹಾಕಿ ಕೇಳಿ. ಕರಕರ ಸದ್ದು ಮೊದಲು ಕಿವಿಗೆ ಕಿರಿಕಿರಿ ಎನಿಸಬಹುದು, ಅಲ್ಲಿಗೇ ನಿಲ್ಲಿಸಬೇಡಿ. ಮೂರು ನಿಮಿಷ ಕಾದರೆ, ಮನೆ, ಆಸ್ತಿ, ನಂಬಿದ ಜನ ಎಲ್ಲವನ್ನೂ ಕಳೆದುಕೊಂಡರೂ ಕಳೆದುಕೊಳ್ಳದ ಆ ಹೆಸರನ್ನು ಅವರ ಬಾಯಿಂದಲೇ ಕೇಳುತ್ತೀರಿ.