ಪೆಟ್ಟಿಗೆಯೊಳಗಿನ ಗುಟ್ಟು ಕಾಯ್ದ ದಿವಾನ

ರಾಜಮನೆತನದ ಗುಟ್ಟು, ಪಿತೂರಿ ತುಂಬಿದ ಕಾದಂಬರಿಗಳೆಂದರೆ ನನಗೆ ಪಂಚಪ್ರಾಣ. ಸ್ಪರ್ಧಾತ್ಮಕ ಪರೀಕ್ಷೆಗಾಗಿ ಮೈಸೂರು ಇತಿಹಾಸ ಓದುತ್ತಿದ್ದಾಗ ದಿವಾನ್ ಪೂರ್ಣಯ್ಯನವರ ಬದುಕು ಸಿಕ್ಕಿತು. ಅದರ ಮುಂದೆ ಎಷ್ಟೋ ಕಾದಂಬರಿಗಳು ಸಪ್ಪೆ ಎನಿಸಿದವು.

1746ರಲ್ಲಿ ಕೊಯಮತ್ತೂರು ಸೀಮೆಯ ಬಡ ಮನೆಯಲ್ಲಿ ಹುಟ್ಟಿದ ಪೂರ್ಣಯ್ಯ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಹೊಟ್ಟೆಪಾಡಿಗೆ ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆದರು. ಮುಂದೆ ಹೈದರ್ ಅಲಿಯವರ ದಂಡಿಗೆ ಸಾಮಾನು ಒದಗಿಸುತ್ತಿದ್ದ ವರ್ತಕರೊಬ್ಬರ ಬಳಿ ಸೇರಿಕೊಂಡರು. ಅವರ ಲೆಕ್ಕದ ಚುರುಕು ಹೈದರರ ಗಮನಕ್ಕೆ ಬಂತು. ಅಂಗಡಿಯ ಹುಡುಗ ಖಜಾನೆಯ ಹೊಣೆ ಹೊತ್ತ.

ನಿಜವಾದ ರೋಚಕ ಘಟನೆ ನಡೆದದ್ದು 1782ರ ಡಿಸೆಂಬರ್‌ನಲ್ಲಿ. ಇಂಗ್ಲಿಷರೊಡನೆ ಯುದ್ಧ ನಡೆಯುತ್ತಿರುವಾಗಲೇ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ಬೆನ್ನಿನ ಹುಣ್ಣಿನಿಂದ ತೀರಿಕೊಂಡರು. ಮಗ ಟಿಪ್ಪು ಇದ್ದದ್ದು ದೂರದ ಮಲಬಾರ್ ಕರಾವಳಿಯಲ್ಲಿ. ಸುದ್ದಿ ಹೊರಬಿದ್ದರೆ ದಂಡು ಚದುರುವ ಭಯ. ಪೂರ್ಣಯ್ಯ ಮತ್ತು ಕೃಷ್ಣರಾವ್ ಸಾವನ್ನೇ ಮುಚ್ಚಿಟ್ಟರು. ಖಜಾನೆಯ ಹಣ ಸಾಗಿಸುವಂತೆ ಶವವನ್ನು ಪೆಟ್ಟಿಗೆಯಲ್ಲಿಟ್ಟು ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಪಾಳೆಯದಲ್ಲಿ ದೈನಂದಿನ ಕೆಲಸ ಎಂದಿನಂತೆ ಸಾಗಿತು. ಕಿರಿಯ ಮಗ ಅಬ್ದುಲ್ ಕರೀಮನನ್ನು ಪಟ್ಟಕ್ಕೇರಿಸುವ ಸಂಚು ಬಯಲಾದಾಗ, ಹೈದರರದೇ ಅಪ್ಪಣೆಯೆಂಬಂತೆ ಸಂಚುಗಾರರನ್ನು ಸೆರೆಹಿಡಿಯಲಾಯಿತು. ಟಿಪ್ಪು ಬಂದು ಸೇರುವವರೆಗೂ ದಂಡು ಒಡೆಯಲಿಲ್ಲ.

ಗುಟ್ಟು ಕಾಯ್ದವರಿಗೂ ಅಭಯವಿರಲಿಲ್ಲ. ಅದೇ ಕೃಷ್ಣರಾವ್ ಮುಂದೆ ದ್ರೋಹದ ಶಂಕೆಯ ಮೇಲೆ ಟಿಪ್ಪುವಿನ ಆಜ್ಞೆಯಿಂದಲೇ ಪ್ರಾಣ ಕಳೆದುಕೊಂಡರು. ಪೂರ್ಣಯ್ಯ ಮಾತ್ರ ಕೊನೆಯವರೆಗೂ ಟಿಪ್ಪುವಿನ ಸೇವೆಯಲ್ಲೇ ಉಳಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದರು. ಕೆಲವೇ ದಿನಗಳಲ್ಲಿ ಪೂರ್ಣಯ್ಯ ಇಂಗ್ಲಿಷರಿಗೆ ಶರಣಾದರು. ಆಗಲೂ ಅವರು ಮೊದಲು ಮಾತನಾಡಿದ್ದು ಟಿಪ್ಪುವಿನ ಹಿರಿಯ ಮಗ ಫತೇ ಹೈದರನ ಪರವಾಗಿ. ಇಂಗ್ಲಿಷರು ಒಪ್ಪದೆ ಒಡೆಯರ ವಂಶದ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಿದರು. ದಶಕಗಳ ಕಾಲ ಅಧಿಕಾರ ಕಳೆದುಕೊಂಡಿದ್ದ ಮನೆತನಕ್ಕೆ, ಅದನ್ನು ಮೂಲೆಗೊತ್ತಿದವರ ಮಂತ್ರಿಯೇ ದಿವಾನರಾದರು! 1811ರವರೆಗೆ ಆಡಳಿತ ನಡೆಸಿದ ಅವರು 1812ರಲ್ಲಿ ಶ್ರೀರಂಗಪಟ್ಟಣದಲ್ಲಿ ನಿಧನರಾದರು.

ಪೂರ್ಣಯ್ಯ ಅವಕಾಶವಾದಿ ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾರೆ. ಇಂಗ್ಲಿಷರ ಕೃಪೆ ಅವರಿಗಿತ್ತು, 1807ರಲ್ಲಿ ಯಳಂದೂರು ಜಹಗೀರಿಯೂ ಸಿಕ್ಕಿತು. ಆದರೆ ದೊರೆ ಸತ್ತು, ಮಗ ದೂರವಿದ್ದ ಆ ದಿನಗಳಲ್ಲಿ ಗುಟ್ಟನ್ನು ಮಾರಿಕೊಳ್ಳಲು ಅವರಿಗೆ ಬೇಕಾದಷ್ಟು ಅವಕಾಶವಿತ್ತು. ಅವರು ಮಾರಲಿಲ್ಲ.

ನಾಳೆ ಸರ್ಕಾರಿ ಕಡತ ಹಿಡಿಯುವ ಕನಸಿರುವ ನನಗೆ ಇದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ಆಳುವವರು ಬದಲಾಗುತ್ತಲೇ ಇರುತ್ತಾರೆ. ಇವತ್ತು ಇವರ ಕಡೆಯವನು, ನಾಳೆ ಅವರ ಕಡೆಯವನು ಎನಿಸಿಕೊಳ್ಳದೆ ಕೆಲಸ ಮಾಡುವುದು ಹೇಗೆ? ಪೂರ್ಣಯ್ಯ ಮೂರು ದೊರೆಗಳ ಕೈಕೆಳಗೆ ದುಡಿದರು. ದೊರೆ ಯಾರೇ ಇರಲಿ, ನಾಡಿನ ಲೆಕ್ಕ ತಪ್ಪಬಾರದೆಂದು ಅವರು ದುಡಿದರೆಂಬುದು ನನ್ನ ನಂಬಿಕೆ. ನನಗೆ ಕೆಲಸ ಸಿಕ್ಕ ದಿನ ಮೊದಲು ನೆನಪಾಗುವುದು ಅವರೇ.